ಜೂನ್ ಒಂದರಂದು ಹುಟ್ಟಿದವರು

ಕಾಪೆಲ್, ಟೆಕ್ಸಸ್
ಮೇ ೨೮, ೨೦೧೪

ಅಮೂಲ್ಯಾಳ ಅಪ್ಪನವರಿಗೆ ನಮಸ್ಕಾರ.

ಅನುಮತಿ ಸಿಕ್ಕಿತು. ಮೊದಲು ಅದನ್ನು ಬರೆದುಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ನಿನ್ನೆ ಮಧ್ಯಾಹ್ನ ಆಸ್ಟಿನ್‌ನಿಂದ ವಕೀಲೆ ತೃಪ್ತಿ ಫೋನ್ ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈತುಂಬ ಹಿಟ್ಟು. ಮೊಣಕೈಯಿಂದ ಫೋನ್ ಒತ್ತಿದೆ. “ಆಂಟಿ, ಗ್ರ್ಯಾಂಟ್ ಮಾಡಿದಾರೆ, ಎರಡೂ ಗ್ರ್ಯಾಂಟ್ ಮಾಡಿದಾರೆ” ಎಂದಳು. ಆ ಹುಡುಗಿ ಸಾಮಾನ್ಯವಾಗಿ ನನ್ನ ಜೊತೆ ಕನ್ನಡದಲ್ಲಿ ಮಾತಾಡಲು ನಾಚುತ್ತಾಳೆ, ನಿನ್ನೆ ನಾಚಿಕೆ ಮರೆತಿದ್ದಳು. ಎರಡೂ ಎಂದರೆ ಇಷ್ಟು: ಸೌಂದರ್ಯಾಳ ಮೇಲ್ಮನವಿಯಲ್ಲಿ ನಾವು ಹೊರಗಿನವರು ಹೇಳುವ ಮಾತನ್ನು ನ್ಯಾಯಾಲಯ ಕೇಳುತ್ತದೆ, ಮತ್ತು ತೀರ್ಪು ಬರುವವರೆಗೆ ಅವಳನ್ನು ಯಾರೂ ವಿಮಾನ ಹತ್ತಿಸುವಂತಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಕಾಯಿತು. ಮನೆಯ ಹೊಗೆಗಂಟೆ ಹೊಡೆದುಕೊಳ್ಳತೊಡಗಿತು. ನಾನು ಅದರ ಕೆಳಗೇ ನಿಂತು ಅಳುತ್ತಿದ್ದೆನೋ ನಗುತ್ತಿದ್ದೆನೋ, ಪಕ್ಕದ ಮನೆಯ ಮುದುಕ ಬಂದು ಬಾಗಿಲು ಬಡಿದ.

ಈ ಸುದ್ದಿ ನಿಮಗೂ ತಲುಪಿರುತ್ತದೆ. ಆದರೂ ಬರೆಯುತ್ತೇನೆ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಏನಾಗುತ್ತದೆ ಎಂಬುದನ್ನು ಏಪ್ರಿಲ್‌ನಲ್ಲಿ ನೋಡಿದೆವಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ನೀವು ಅಂದಿರಿ, “ನಮಗ್ಯಾಕ ಬೇಕದು, ಬಿಡು.” ನಾನು ಫೋನ್ ಇಟ್ಟುಬಿಟ್ಟೆ. ಉಳಿದರ್ಧವನ್ನು ಈಗ ಹೇಳುತ್ತೇನೆ, ನೀವು ನಡುವೆ ಬಾಯಿ ಹಾಕುವಂತಿಲ್ಲ. ಕಾಗದದ ಸುಖ ಅದೇ.

ಸೌಂದರ್ಯಾ ನನಗೆ ಸಿಕ್ಕಿದ್ದು ಇಲ್ಲಿಯ ಲೈಬ್ರರಿಯಲ್ಲಿ. ನಿವೃತ್ತಳಾದ ಮೇಲೂ ನಾನು ಶನಿವಾರ ಅಲ್ಲಿಗೆ ಹೋಗಿ ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ, ಕಿಟಕಿಗೆ ಬೆನ್ನು ಕೊಟ್ಟು ಕೂರದವಳು. ಬಾಗಿಲು ಕಾಣುವ ಕುರ್ಚಿಯೇ ಬೇಕು. ಊರು ಯಾವುದಮ್ಮ ಎಂದೆ. ಇಂಡಿ ತಾಲ್ಲೂಕಿನ ಹಳ್ಳಿ, ನಿಮ್ಮ ಊರಿನಿಂದ ಬಸ್ಸಿನಲ್ಲಿ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದು. ಬೆಂಗಳೂರಿನಲ್ಲಿ ನರ್ಸ್ ಆಗಿದ್ದಳು. ಲಲಿತಮ್ಮ ಎಂಬ ವಯಸ್ಸಾದವರನ್ನು ಪ್ಲೇನೋದಲ್ಲಿರುವ ಅವರ ಮಗನ ಮನೆಗೆ ಕರೆತರಲು ಒಬ್ಬ ನರ್ಸ್ ಬೇಕಿತ್ತು. ಹಾಗೆ ಬಂದವಳು ವಾಪಸು ಹೋಗಲಿಲ್ಲ. ಹೋಗುವಂತಿರಲಿಲ್ಲ. ಅವಳು ಬೇರೆ ಜಾತಿಯ ಸುನೀಲ್ ಎಂಬ ಹುಡುಗನನ್ನು ಮದುವೆಯಾಗಿದ್ದಳು. ಮದುವೆಯಾದ ವರ್ಷವೇ ಅವಳ ಇಬ್ಬರು ಅಣ್ಣಂದಿರು ಸುನೀಲನನ್ನು ಮುಗಿಸಿದರು. ಮುಂದಿನ ಸರದಿ ನಿನ್ನದು ಎಂದು ಅವಳಿಗೆ ಹೇಳಿಕಳಿಸಿದರು. ಕೇಸು ಸಾಕ್ಷಿಯಿಲ್ಲದೆ ಬಿದ್ದುಹೋಯಿತು. ನೋಡಿದವರು ಊರ ತುಂಬ ಇದ್ದರು, ಹೇಳುವವರು ಇರಲಿಲ್ಲ. ಇದನ್ನು ಓದುವಾಗ ನಿಮಗೆ ಏನಾದರೂ ನೆನಪಾದರೆ, ಅದು ನೆನಪಾಗಲೆಂದೇ ಬರೆದಿದ್ದೇನೆ.

ಇಲ್ಲಿ ಆಶ್ರಯ ಕೊಡಿ ಎಂದು ಅರ್ಜಿ ಹಾಕಿದಳು. ಅವಳ ಅರ್ಜಿ ಬಿದ್ದುಹೋದದ್ದು ಯಾವುದರಿಂದ ಗೊತ್ತೆ? ನಮ್ಮ ಜನರ ಒಂದು ಚಟದಿಂದ. ಯಾರೂ ಕೇಳದ ಕಾಗದವನ್ನೂ ಜೊತೆಗೆ ಲಗತ್ತಿಸುವುದು. ನೀವು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಾಗ ಹೈಸ್ಕೂಲಿನ ಖೋಖೋ ಸರ್ಟಿಫಿಕೇಟನ್ನೂ ಇಟ್ಟಿದ್ದಿರಲ್ಲ, ಹಾಗೆ. ಕೊಂದವರು ನನ್ನ ಒಡಹುಟ್ಟಿದವರೇ ಎಂದು ತೋರಿಸಲು ಅವಳು ತನ್ನದರ ಜೊತೆಗೆ ಅಣ್ಣಂದಿರ ಶಾಲೆಯ ದಾಖಲೆಗಳನ್ನೂ ತರಿಸಿ ಇಟ್ಟಳು. ಮೂರು ಕಾಗದ, ಮೂರು ಬೇರೆ ವರ್ಷ, ಮೂರರಲ್ಲೂ ಜನ್ಮದಿನ ಜೂನ್ ಒಂದು.

ನಿಮಗೆ ನಗು ಬಂದಿರಬೇಕು. ವಲಸೆ ನ್ಯಾಯಾಧೀಶರಿಗೆ ಬರಲಿಲ್ಲ. ನಿನ್ನ ತಾಯಿ ಮೂರು ಮಕ್ಕಳನ್ನೂ ಒಂದೇ ತಾರೀಖಿಗೆ ಹೆತ್ತಳೇ ಎಂದು ಕೇಳಿದರಂತೆ. ಇಲ್ಲ, ಅದು ಮಾಸ್ತರರು ಬರೆದದ್ದು ಎಂದಳು. ಹಾಗಾದರೆ ನೀನು ಹುಟ್ಟಿದ್ದು ಯಾವತ್ತು? “ಗೊತ್ತಿಲ್ರಿ. ಸಜ್ಜಿ ಕೊಯ್ಯೂ ಮುಂದ ಹುಟ್ಟೀದಿ ಅಂತ ನಮ್ಮವ್ವ ಅಂತಿದ್ಲು.” ತೀರ್ಪಿನಲ್ಲಿ ಬರೆದದ್ದನ್ನು ನಾನೇ ಓದಿದ್ದೇನೆ: ತಾನು ಹುಟ್ಟಿದ ದಿನವನ್ನೇ ಹೇಳಲಾರದ, ಒಂದೇ ಕೈಯಲ್ಲಿ ತಯಾರಾದಂತೆ ಕಾಣುವ ದಾಖಲೆಗಳನ್ನು ಕೊಟ್ಟ ವ್ಯಕ್ತಿಯ ಉಳಿದ ಮಾತನ್ನೂ ನಂಬಲಾಗದು. ಒಂದೇ ಕೈಯಲ್ಲಿ ತಯಾರಾದದ್ದು ನಿಜವೇ, ಆ ಊರಿಗೆ ಇದ್ದದ್ದು ಒಬ್ಬರೇ ಹೆಡ್‌ಮಾಸ್ತರರು. ಸುನೀಲನ ಸಾವಿನ ಬಗ್ಗೆ ಆ ತೀರ್ಪಿನಲ್ಲಿ ಇದ್ದದ್ದು ಒಂದೇ ಸಾಲು. ಅದರ ಮೇಲಿನ ಮಂಡಳಿಯೂ ಇದು ಸರಿ ಎಂದಿತು. ಉಳಿದದ್ದು ದೊಡ್ಡ ನ್ಯಾಯಾಲಯ ಒಂದೇ.

ನಾನು ಸಿಟ್ಟಿನಿಂದ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಅಮೂಲ್ಯಾಗೆ ಗೊತ್ತಿದ್ದವಳು ಈ ತೃಪ್ತಿ, ಮೈಸೂರಿನವರ ಮಗಳು, ಬಡವರ ಕೇಸುಗಳನ್ನು ದುಡ್ಡಿಲ್ಲದೆ ನಡೆಸುವ ಒಂದು ಸಣ್ಣ ಆಫೀಸಿನಲ್ಲಿದ್ದಾಳೆ. ಜೂನ್ ಒಂದರ ಗುಟ್ಟನ್ನು ನಾನು ಹೇಳುವವರೆಗೆ ಅವಳಿಗೆ ಗೊತ್ತಿರಲಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಹಳ್ಳಿಯ ತಾಯಿಗೆ ತಾರೀಖು ಗೊತ್ತಿಲ್ಲ. ಮಾಸ್ತರರು ಮಗುವಿಗೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಾರೆ. ಮುಟ್ಟಿದರೆ ಆರು ತುಂಬಿತು, ಬರೆ ಜೂನ್ ಒಂದು. ನನ್ನ ಮಾತು ಕೇಳುತ್ತ ಆ ಹುಡುಗಿ ತನಗರಿವಿಲ್ಲದೆ ತಲೆಯ ಮೇಲೆ ಕೈ ಹಾಕಿ ಕಿವಿ ಹಿಡಿದುಕೊಂಡಿದ್ದಳು. ಆಮೇಲೆ ಮೆಲ್ಲಗೆ, “ನಮ್ಮ ತಾತನ ಬರ್ತ್‌ಡೇನೂ ಜೂನ್ ಫಸ್ಟೇ ಆಂಟಿ” ಎಂದಳು.

ದೊಡ್ಡ ನ್ಯಾಯಾಲಯ ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲವಂತೆ. ಆದರೆ ಒಂದು ದಾರಿ ಇದೆ ಎಂದಳು. ಕೇಸಿಗೆ ಸಂಬಂಧಪಡದವರು, ನ್ಯಾಯಾಲಯದ ಅನುಮತಿ ಬೇಡಿ, ನಿಮಗೆ ಗೊತ್ತಿಲ್ಲದ ಒಂದು ಸಂಗತಿ ನಮಗೆ ಗೊತ್ತಿದೆ, ಕೇಳಿಸಿಕೊಳ್ಳಿ ಎಂದು ಮನವಿ ಸಲ್ಲಿಸಬಹುದು. ಅಂಥವರನ್ನು ನ್ಯಾಯಾಲಯದ ಮಿತ್ರರು ಎನ್ನುತ್ತಾರಂತೆ. ಕಾನೂನಿನ ಪುಸ್ತಕದಲ್ಲಿ ಇಷ್ಟು ಒಳ್ಳೆಯ ಮಾತು ಇದೆಯೆಂದು ನನಗೆ ಗೊತ್ತಿರಲಿಲ್ಲ. ಆದರೆ ಮಿತ್ರರು ಯಾರು? ಹೆಸರು ಬೇಕು, ಸಹಿ ಬೇಕು, ಇದು ನನ್ನ ಮೇಲೇ ನಡೆದದ್ದು ಎನ್ನುವವರು ಬೇಕು. ನನ್ನ ಕೈಲಾಗದ್ದು ಅದೊಂದೇ. ನಾನು ಧಾರವಾಡದ ಆಸ್ಪತ್ರೆಯಲ್ಲಿ ಹುಟ್ಟಿದ ಲೆಕ್ಚರರ ಮಗಳು, ನನ್ನ ತಾರೀಖು ಗಂಟೆ ನಿಮಿಷದ ಸಮೇತ ಬರೆದಿಟ್ಟದ್ದು. ಜೀವನದಲ್ಲಿ ಮೊದಲ ಸಲ ಅದು ಕೊರತೆ ಅನಿಸಿತು.

ಡಲ್ಲಸ್‌ನ ಯುಗಾದಿ ಕಾರ್ಯಕ್ರಮದಲ್ಲಿ ಊಟವಾದ ಮೇಲೆ ಮೈಕ್ ಕಿತ್ತುಕೊಂಡೆ. ಜೂನ್ ಒಂದಕ್ಕೆ ಹುಟ್ಟಿದವರು ದಯವಿಟ್ಟು ಕೈ ಎತ್ತಿ ಎಂದೆ. ಒಂದು ಗಳಿಗೆ ಎಲ್ಲರೂ ತಮ್ಮ ತಮ್ಮ ಪಾಯಸದ ಬಟ್ಟಲು ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ ಹೃದಯದ ಡಾಕ್ಟರರು ಎತ್ತಿದರು. ಅವರನ್ನು ನೋಡಿ ಇನ್ನೊಬ್ಬರು. ಸಂಘದ ಅಧ್ಯಕ್ಷರು, ಮೈಸೂರು ಕಡೆಯ ರಾಮಮೂರ್ತಿ, ವೇದಿಕೆಯ ಮೇಲೇ ನಿಂತು ಕೈ ಎತ್ತಿದರು. ಸಭಾಂಗಣ ನಗುವಿನಲ್ಲಿ ಮುಳುಗಿತು. ಗಂಡಂದಿರು ಎತ್ತಿದ ಕೈಗಳನ್ನು ನೋಡಿ ಹೆಂಡತಿಯರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಯಾರದೋ ಮಗ ಇಂಗ್ಲಿಷಿನಲ್ಲಿ, ಇವರೆಲ್ಲ ಅವಳಿಜವಳಿಗಳೇ ಎಂದು ಅಮ್ಮನನ್ನು ಕೇಳಿದ. ನನಗೆ ಗೆದ್ದಂತೆಯೇ ಅನಿಸಿತು.

ಮರುವಾರ ಕಾಗದ ಹಿಡಿದು ಹೋದಾಗ ಆ ಕೈಗಳೆಲ್ಲ ಜೇಬು ಸೇರಿದ್ದವು. ರಾಮಮೂರ್ತಿಯವರು ಕಾಫಿ ಕೊಟ್ಟು ಕೂರಿಸಿ ಹೇಳಿದರು, “ನೀಲಾ ಮೇಡಂ, ನಗೋದು ಬೇರೆ, ಸೈನ್ ಹಾಕೋದು ಬೇರೆ. ಸುಳ್ಳು ತಾರೀಖು ಕೊಟ್ಟು ಸಿಟಿಜನ್ ಆಗಿದೀರಿ ಅಂತ ನಾಳೆ ನನ್ನೇ ಹಿಡ್ಕೊಂಡ್ರೆ?” ಡಾಕ್ಟರರಿಗೆ ಲೈಸೆನ್ಸಿನ ಚಿಂತೆ. ಇನ್ನೊಬ್ಬರು ಮಗನ ಮದುವೆ ಮುಗಿಯಲಿ ಎಂದರು. ಮದುವೆಗೂ ಇದಕ್ಕೂ ಏನು ಸಂಬಂಧವೆಂದು ನನಗೆ ಇವತ್ತಿಗೂ ತಿಳಿದಿಲ್ಲ. ತೃಪ್ತಿಯನ್ನು ಕೇಳಿದೆ. ನೀವು ಕೊಟ್ಟದ್ದು ನಿಮಗಿದ್ದ ಒಂದೇ ಅಧಿಕೃತ ತಾರೀಖು, ಅದರಲ್ಲಿ ಮೋಸವಿಲ್ಲ ಎಂದಳು. ಆದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಬರೆದುಕೊಡುವಷ್ಟು ಸುಲಭವಾಗಿ ಸುಳ್ಳು ಹೇಳುವವಳಲ್ಲ ಅವಳು. ನಾನೂ ಇತಿಹಾಸ ಓದಿದವಳು. ಈ ದೇಶ ಒಂದು ಕಾಲದಲ್ಲಿ ನಮ್ಮ ಕಡೆಯವರಿಗೆ ಕೊಟ್ಟ, ಅಂದರೆ ಭಾರತದಿಂದ ಬಂದವರಿಗೆ ಕೊಟ್ಟ, ಪೌರತ್ವವನ್ನೇ ಕಿತ್ತುಕೊಂಡದ್ದನ್ನು ಬಲ್ಲೆ. ಅವರ ಭಯ ಪೂರಾ ಹುಚ್ಚಲ್ಲ. ಆದರೆ ಹೆದರಿದವರೆಲ್ಲ ಮನೆಯಲ್ಲಿ ಬೆಚ್ಚಗಿದ್ದರು, ಸೌಂದರ್ಯಾ ಒಬ್ಬಳ ಕಟ್ಟಿಟ್ಟ ಬ್ಯಾಗು ಬಾಗಿಲ ಹತ್ತಿರ ಇತ್ತು. ನಾನು ನೋಡಿದ್ದೇನೆ ಆ ಬ್ಯಾಗನ್ನು. ಅದರಲ್ಲಿ ಸುನೀಲನ ಒಂದು ಅಂಗಿ ಇತ್ತು.

ಆಗ ಅಮೂಲ್ಯಾ, ಎಂದಿನ ಹಾಗೆ ಇಂಗ್ಲಿಷಿನಲ್ಲಿ, ಅಪ್ಪನದೂ ಜೂನ್ ಒಂದಲ್ಲವೇ, ಅಪ್ಪನನ್ನು ಕೇಳಮ್ಮ ಎಂದಳು. ನಾನು ಅವಳನ್ನೇ ನೋಡಿದೆ. ಅವಳಿಗೆ ಗೊತ್ತು ನಾವು ಯಾಕೆ ಬೇರೆಯಾದೆವೆಂದು. ಹ್ಯೂಸ್ಟನ್ ಬಳಿಯ ಸೈಪ್ರೆಸ್‌ನಲ್ಲಿ ಇದ್ದಾಗ, ಎರಡು ಸಾವಿರದ ಒಂದರ ಸೆಪ್ಟೆಂಬರಿನಲ್ಲಿ, ಅವಳಿ ಗೋಪುರಗಳು ಬಿದ್ದ ವಾರ, ನಮ್ಮ ರಸ್ತೆಯ ಕೊನೆಯ ಪೆಟ್ರೋಲ್ ಬಂಕಿನ ಸರ್ದಾರ್‌ಜಿಯ ಕಿಟಕಿ ಒಡೆದವರನ್ನು ನೀವು ಕಣ್ಣಾರೆ ಕಂಡಿರಿ. ಅವರ ಟ್ರಕ್ಕಿನ ನಂಬರು ಸಹ ನಿಮಗೆ ಬಾಯಿಪಾಠವಿತ್ತು. ಪೊಲೀಸರು ಬಂದು ಕೇಳಿದಾಗ ಹುಲ್ಲು ಕತ್ತರಿಸುತ್ತಿದ್ದೆ, ನೋಡಲಿಲ್ಲ ಎಂದಿರಿ. ಒಳಗೆ ಬಂದು ನನಗೆ ಹೇಳಿದ್ದು, “ನಮಗ್ಯಾಕ ಬೇಕದು.” ಆಮೇಲೆ ಐದು ವರ್ಷ ಅದೇ ಮನೆಯಲ್ಲಿ ಅಡಿಗೆ ಮಾಡಿ ಹಾಕಿದೆ. ಒಂದು ದಿನವೂ ಆ ಕಿಟಕಿ ನನ್ನ ಕಣ್ಣ ಮುಂದಿನಿಂದ ಹೋಗಲಿಲ್ಲ. ಅಂಥವರನ್ನು ನಾನು ಏನೆಂದು ಕೇಳಲಿ? ಆದರೂ ಕೇಳಿದೆ. ಅದೇ ಮಾತು ಬಂತು.

ಇಷ್ಟು ನೀವು ಕೇಳದ ಅರ್ಧ. ಈಗ ನನಗೆ ತಿಳಿಯದೆ ಹೋದ ಅರ್ಧವನ್ನು ನಿಮಗೇ ಹೇಳುತ್ತೇನೆ. ತೃಪ್ತಿ ಹೇಳಬಾರದೆಂದು ನೀವು ಮಾತು ತೆಗೆದುಕೊಂಡಿದ್ದಿರಂತೆ. ಸಹಿಗಳು ಸಿಕ್ಕವು ಎಂದಷ್ಟೇ ಅವಳು ನನಗೆ ಹೇಳಿದ್ದಳು. ನಿನ್ನೆಯ ಖುಷಿಯಲ್ಲಿ ಎಲ್ಲ ಹೇಳಿಬಿಟ್ಟಳು, ಅವಳ ಮೇಲೆ ಸಿಟ್ಟಾಗಬೇಡಿ.

ಅನುಮತಿ ಅರ್ಜಿ ಸಲ್ಲಿಸಲು ಇನ್ನು ಒಂದೆರಡೇ ದಿನವಿದ್ದಾಗ, ದ ವುಡ್‌ಲ್ಯಾಂಡ್ಸ್‌ನಿಂದ ಒಬ್ಬ ಅಂಕಲ್ ಮಗಳ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಅವರ ಆಫೀಸಿಗೆ ಬಂದರಂತೆ. ಕುರ್ಚಿಯ ತುದಿಯಲ್ಲಿ ಕುಳಿತರಂತೆ. ಕಾಫಿ ಬೇಡ ಎಂದರಂತೆ. “ಬರ್ಕೋ ತಂಗಿ, ನಾ ಹೇಳ್ತೀನಿ” ಎಂದರಂತೆ. ಅವಳಿಗೆ ನಿಮ್ಮ ಕನ್ನಡ ಅರ್ಧ ಅರ್ಥವಾಗಲಿಲ್ಲ. ನೀವು ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿದಿರಂತೆ. ತಾಳ್ಮೆ ಎಂದು ಅವಳೇ ಅಂದಳು. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಅಲ್ಲಿಯ ಹಿರಿಯ ಬಿಳಿಯ ವಕೀಲರೊಬ್ಬರು ಬಾಗಿಲಲ್ಲಿ ನಿಂತು ತಾವೂ ಕಿವಿ ಮುಟ್ಟಲು ನೋಡುತ್ತಿದ್ದಾಗ ನೀವು ಎದ್ದು ಹೋಗಿ ಅವರ ಮೊಣಕೈ ಹಿಡಿದು “ಹಂಗಲ್ಲ, ಹಿಂಗ” ಎಂದು ಸರಿಮಾಡಿದಿರಂತೆ.

ಅಲ್ಲಿಂದ ಹಿಂತಿರುಗಿ ನೀವು ಫೋನ್ ಮಾಡಲು ಕುಳಿತಿರಿ. ಹ್ಯೂಸ್ಟನ್‌ನ ನಮ್ಮ ಕಡೆಯವರಿಗೆಲ್ಲ. ಆಮೇಲೆ ಡಲ್ಲಸ್‌ನವರಿಗೆ. ಸ್ವಂತ ಮಗಳಿಗೆ ಫೋನ್ ಮಾಡಿ ಹವಾಮಾನ ಕೇಳಿ ಇಟ್ಟುಬಿಡುವವರು ನೀವು. ರಾಮಮೂರ್ತಿಯವರು ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಸಿಕ್ಕು ತಲೆ ತಗ್ಗಿಸಿಕೊಂಡು ಹೇಳಿದರು, “ನಿಮ್ಮ ಮನೆಯವರು ಫೋನ್ ಮಾಡಿ ಒಂದೇ ಮಾತು ಕೇಳಿದ್ರು ಮೇಡಂ.” ನೀವು ಕೇಳಿದ ಮಾತನ್ನು ನಿಮ್ಮ ಧಾಟಿಯಲ್ಲೇ ಅವರು ಅಂದು ತೋರಿಸಿದರು: “ನಾವೆಲ್ಲಾ ಕಿವಿ ಮುಟ್ಟಿ ಬಂದವರು. ಆಕಿ ಒಬ್ಬಾಕಿನ ಯಾಕ ಸುಳ್ಳಿ ಆಗಬೇಕು?” ರಾಮಮೂರ್ತಿ ಸಹಿ ಹಾಕಿದರು. ಡಾಕ್ಟರರು ಹಾಕಿದರು. ಮಗನ ಮದುವೆ ಇಟ್ಟುಕೊಂಡವರೂ ಹಾಕಿದರು. ಸರ್ಕಾರದ ವಕೀಲರು ಇವರಿಗೆ ಅನುಮತಿ ಕೊಡಬಾರದು ಎಂದು ವಾದಿಸಿದರಂತೆ. ನ್ಯಾಯಾಲಯ ಒಂದೇ ಸಾಲಿನಲ್ಲಿ ಕೊಟ್ಟಿದೆ ಎಂದಿತು.

ಮೊದಲ ಹೆಸರು ನಿಮ್ಮದು. ತೃಪ್ತಿ ಕಳಿಸಿದ ಪ್ರತಿಯಲ್ಲಿ, ಮಿತ್ರರು ಯಾರು ಎಂಬ ಭಾಗದಲ್ಲಿ, ನೀವು ಹೇಳಿದ್ದು ಇಂಗ್ಲಿಷಿನಲ್ಲಿದೆ. ನಾನು ಅದನ್ನು ಮನಸ್ಸಿನಲ್ಲೇ ನಿಮ್ಮ ದನಿಗೆ ತಂದುಕೊಂಡು ಓದಿದೆ. ಮೊದಲ ವರ್ಷ ನಿಮ್ಮ ಕೈ ಕಿವಿಗೆ ಎಟುಕಲಿಲ್ಲ. ನಿಮ್ಮ ಅವ್ವ ನಿಂಗವ್ವ ನಿಮ್ಮನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆ ಹೋದರು. ಒಂದು ವರ್ಷವಿಡೀ ಹೊಲದ ಬದುವಿನ ಮೇಲೆ ನಿಂತು ದಿನಾ ಕಿವಿ ಮುಟ್ಟಲು ನೋಡುತ್ತಿದ್ದಿರಿ. ಎಟುಕಿದ ದಿನ ಒಬ್ಬರೇ ಶಾಲೆಗೆ ಓಡಿದಿರಿ. ಆಮೇಲೆ ಬರೆಸಿದ್ದೀರಿ: ನನ್ನ ಹೆಂಡತಿ, ಮಗಳು ಪ್ರತಿ ಜೂನ್ ಒಂದಕ್ಕೆ ಕೇಕ್ ಕತ್ತರಿಸುವಾಗ ನಾನು ಬೇರೆಯವರ ಮನೆಯ ಕಾರ್ಯಕ್ಕೆ ಹೋಗಿ ಕೂತಂತೆ ಆಗುತ್ತಿತ್ತು. ಆದರೆ ಆ ತಾರೀಖನ್ನು ಯಾರೂ ಮೋಸಕ್ಕೆ ಬರೆಯಲಿಲ್ಲ, ನನ್ನನ್ನು ಒಳಗೆ ಬಿಟ್ಟುಕೊಳ್ಳಲು ಬರೆದರು. ನನ್ನ ತಾಯಿ ಈಗಿಲ್ಲ. ನಾನು ನಿಜವಾಗಿ ಹುಟ್ಟಿದ ದಿನವನ್ನು ಬಲ್ಲವರು ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲ.

ಇಷ್ಟು ವರ್ಷ ನಾನು, ಹುಟ್ಟುಹಬ್ಬದ ದಿನ ಮುಖ ಗಂಟು ಹಾಕಿಕೊಳ್ಳುವುದು ನಿಮ್ಮ ಜಿಪುಣತನವೆಂದುಕೊಂಡಿದ್ದೆ. ಕಟ್ಟಿಕೊಂಡ ಹೆಂಡತಿಗೆ ಹೇಳದ್ದನ್ನು ದೊಡ್ಡ ನ್ಯಾಯಾಲಯದ ಮೂವರು ನ್ಯಾಯಾಧೀಶರಿಗೆ ಹೇಳಿದ್ದೀರಿ. ಸಿಟ್ಟು ಬರಬೇಕಿತ್ತು. ನಿನ್ನೆಯಿಂದ ಪ್ರಯತ್ನ ಮಾಡುತ್ತಿದ್ದೇನೆ, ಬರುತ್ತಿಲ್ಲ.

ಒಂದು ಸಹಿಗೆ ಎಂಟು ವರ್ಷ ಕರಗಿತೆಂದು ಮಾತ್ರ ತಿಳಿಯಬೇಡಿ. ಸರ್ದಾರ್‌ಜಿಯ ಕಿಟಕಿ ನನ್ನ ಲೆಕ್ಕದಲ್ಲಿ ಇನ್ನೂ ಒಡೆದೇ ಇದೆ, ಅದರ ಮಾತು ಎದುರೆದುರು ಕೂತು ಆಡುವಂಥದ್ದು. ಸೌಂದರ್ಯಾಳ ಕೇಸು ಇನ್ನೂ ಗೆದ್ದಿಲ್ಲ, ಗೆಲ್ಲದೆಯೂ ಹೋಗಬಹುದು. ಆದರೆ ನಿನ್ನೆ ಸಂಜೆ ಅವಳ ಮನೆಗೆ ಹೋಗಿದ್ದೆ. ಬಾಗಿಲ ಹತ್ತಿರದ ಬ್ಯಾಗು ಇರಲಿಲ್ಲ. ಸುನೀಲನ ಅಂಗಿಯನ್ನು ಒಗೆದು ಹಿತ್ತಲಲ್ಲಿ ಹರವಿದ್ದಳು. ಆ ಅಂಕಲ್ ಯಾರ್ರಿ, ನಿಮಗ ಗುರುತೇನ್ರಿ ಎಂದು ಕೇಳಿದಳು. ಗುರುತಿದ್ದಾರೆ ಎಂದೆ.

ನಿಮ್ಮ ಸಕ್ಕರೆ ಹೇಗಿದೆ? ನಡೆಯುತ್ತಿದ್ದೀರಾ? ಅಮೂಲ್ಯಾ ಚೆನ್ನಾಗಿದ್ದಾಳೆ. ಸಹಿಯ ವಿಷಯ ಅವಳಿಗೆ ಮೊದಲೇ ಗೊತ್ತಿತ್ತೆಂದು ನನಗೆ ಅನುಮಾನ.

ಇನ್ನೂ ನಿಮ್ಮ ಮನೆತನದ ಹೆಸರನ್ನೇ ಡ್ರೈವಿಂಗ್ ಲೈಸೆನ್ಸಿನಲ್ಲಿ ಹೊತ್ತು ತಿರುಗುತ್ತಿರುವ,
ನೀಲಾಂಬಿಕಾ

ಮರೆತಿದ್ದೆ: ನೀವು ನ್ಯಾಯಾಲಯಕ್ಕೆ ಹೇಳಿದ್ದರಲ್ಲಿ ಒಂದು ವಾಕ್ಯ ತಪ್ಪು. ತೃಪ್ತಿಗೆ ಹೇಳಿಲ್ಲ, ನಿಮಗಷ್ಟೇ ಹೇಳುತ್ತೇನೆ. ಬಲ್ಲವರು ಒಬ್ಬರು ಉಳಿದಿದ್ದಾರೆ. ಅಮೂಲ್ಯಾ ಹುಟ್ಟಿದಾಗ ಬಾಣಂತನಕ್ಕೆಂದು ಹ್ಯೂಸ್ಟನ್‌ಗೆ ಬಂದಿದ್ದ ಅತ್ತೆ, ಮಗುವಿಗೆ ಎಣ್ಣೆ ಹಚ್ಚುತ್ತ ನನಗೆ ಹೇಳಿದ್ದರು: ರಜಾಕಾರರ ಗದ್ದಲದ ವರ್ಷ, ಕಾರಹುಣ್ಣಿಮೆಯ ದಿನ, ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತಿದ್ದಾಗ ನೋವು ಬಂತು. “ಅವಗ ಹೇಳಬ್ಯಾಡವಾ, ಕಾರಹುಣ್ಣಿವಿ ಎತ್ತು ಅಂತ ಮಂದಿ ನಗ್ತಾರಂತ ನಾನೂ ಹೇಳಿಲ್ಲ” ಎಂದರು. ಅವರಿಗೆ ಕೊಟ್ಟ ಮಾತನ್ನು ಇವತ್ತು ಮುರಿದಿದ್ದೇನೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ೧೯೪೮ರ ಪಂಚಾಂಗ ನೋಡಿ ಲೆಕ್ಕ ಹಾಕಿದೆ. ವರ್ಷವನ್ನು ನಿಮ್ಮ ಮಾಸ್ತರರು ಸರಿಯಾಗಿಯೇ ಹಿಡಿದಿದ್ದರು, ತಪ್ಪಿದ್ದು ಇಪ್ಪತ್ತೇ ದಿನ. ಈ ಸಲ ಕಾರಹುಣ್ಣಿಮೆ ಜೂನ್ ಹನ್ನೆರಡು, ಗುರುವಾರ. ಬರುವ ಭಾನುವಾರ ಜೂನ್ ಒಂದು. ಅವತ್ತು ನಾನು ಫೋನ್ ಮಾಡುವುದಿಲ್ಲ, ಕೇಕ್ ಕಳಿಸುವುದಿಲ್ಲ. ಗುರುವಾರ ಹೋಳಿಗೆ ಮಾಡುತ್ತೇನೆ. ಕಾಪೆಲ್‌ಗೆ ನಿಮ್ಮ ಮನೆಯಿಂದ ಎಷ್ಟು ದೂರವೆಂದು ನಿಮಗೆ ಗೊತ್ತಿದೆ.